ತಾಯಪ್ಪನ ರ‍್ಯಾಪು

“ಬಾಯಿ ಮುಚ್ರಲೇ ರಂಡೇರಾ! ನಾಟಿ ಹಚ್ಚಾಕ ಬಂದೀರೋ, ಬೊಗಳಾಕ ಬಂದೀರೋ?”

ಬದುವಿನ ಮೇಲಿಂದ ಜಗದೇವಪ್ಪ ಗೌಡ ಎಸೆದ ಹೆಂಟೆ ದೇವಕಮ್ಮನ ಬೆನ್ನಿಗೆ ಬಡಿದು ಒಡೆಯಿತು. ಬಗ್ಗಿದವಳು ಏಳಲಿಲ್ಲ. ಸಸಿಯನ್ನು ಕೆಸರಿಗೆ ಒತ್ತಿ ಒಂದು ಹೆಜ್ಜೆ ಹಿಂದೆ ಸರಿದಳು. ಅವಳ ಜೊತೆ ಹನ್ನೊಂದು ಮಂದಿ ಹೆಂಗಸರೂ ಸರಿದರು.

“ಬೆನ್ನ ಬಾಗ್ಯಾದ, ಮುರದಿಲ್ಲ.
ಕಾಲ ಹುಗದಾದ, ಕುಸದಿಲ್ಲ.
ನೀರ ಹರದಾದ, ನಮಗಿಲ್ಲ.
ನಾಳೀಗೂ ಬರತೀವ, ಮುಗದಿಲ್ಲ.”

ಅವಳ ತಮ್ಮ ತಾಯಪ್ಪ ಕಟ್ಟಿದ ರ‍್ಯಾಪು ಅದು. ಅವ್ವ ಸತ್ತ ವರ್ಷ ದೇವಕಮ್ಮ ಚಾಪೆ ಬಿಟ್ಟು ಏಳದೆ ಮಲಗಿದ್ದಾಗ ಅವನು ಪ್ಲಾಸ್ಟಿಕ್ ಕೊಡ ಬೋರಲು ಹಾಕಿ ಬಡಿದಿದ್ದ. “ದೂರದ ದೇಶದಾಗ ನಮ್ಮಂಥ ಮಂದೀನೇ ಇದನ್ನ ಹುಟ್ಟಿಸ್ಯಾರ ಅಕ್ಕಾ. ರಾಗ ಬ್ಯಾಡ, ಬಾಜಾ ಪೇಟಿ ಬ್ಯಾಡ. ಉಸುರಿದ್ರ ಸಾಕು. ಏಳು.”

ಹದಿನೆಂಟು ದಿನಗಳ ಹಿಂದೆ ಕಾಲುವೆಯ ತೂಬಿಗೆ ಕಸ ಸಿಕ್ಕಿತ್ತು. ಗೌಡ ಇಳಿ ಎಂದ. ತಾಯಪ್ಪ ಇಳಿದ. ಹೆಣ ನೀರಲ್ಲಿ ಹರಿದುಹೋಗಿ ವನದುರ್ಗದ ಕಡೆ ಸಿಕ್ಕಿತು. ದಂಡೆಯ ಮೇಲೆ ಕಳಚಿಟ್ಟಿದ್ದ ಅಂಗಿ, ಚಪ್ಪಲಿ ಮನೆಗೆ ಬಂದವು, ಫೋನು ಬರಲಿಲ್ಲ. ಪೊಲೀಸರ ಕಾಗದದಲ್ಲಿ ‘ಕುಡಿದು ಬಿದ್ದ’ ಎಂದಾಯಿತು.

ದೇವಕಮ್ಮ ರ‍್ಯಾಪಿಗೆ ಎರಡು ಸಾಲು ಸೇರಿಸಿದಳು. ಅಳು ಬಂದಾಗಲೆಲ್ಲ ಅದನ್ನೇ ಜೋರಾಗಿ ಹೇಳುತ್ತಿದ್ದಳು, ಕೈ ನಿಲ್ಲುತ್ತಿರಲಿಲ್ಲ.

ನಾಟಿ ಶುರುವಾದ ಮೂರು ದಿನ ಗೌಡ ತಡೆದಿರಲಿಲ್ಲ. ತಾಳಕ್ಕೆ ಹೆಂಗಸರು ಒಟ್ಟಿಗೆ ಸರಿದರೆ ದಿನಕ್ಕೆ ಅರ್ಧ ಎಕರೆ ಹೆಚ್ಚು ನಾಟಿಯಾಗುತ್ತಿತ್ತು. ಆಳುಗಳ ಹಾಡಿನ ಮಾತು ಯಾರು ಕೇಳುತ್ತಾರೆ? ಇವತ್ತು ಗದ್ದೆ ನೋಡಲು ಬಂದ ಬೀಗರು ಕೇಳಿದರು.

“ಇಳಿ ಅಂದವ ದಂಡಿ ಮ್ಯಾಲ ಅದಾನ.
ಇಳದವ ಮಣ್ಣಾಗ ಮಲಗ್ಯಾನ.”

“ಯಾರ್ರೀ ಗೌಡ್ರ ಅವ, ಇಳಿ ಅಂದವ?” ಬೀಗರು ನಗುತ್ತಲೇ ಕೇಳಿದ್ದರು.

ಅವರ ಕಾರು ಮರೆಯಾದದ್ದೇ ಹೆಂಟೆ ಎಸೆದಿದ್ದ ಗೌಡ, ರ‍್ಯಾಪು ನಿಲ್ಲದ್ದು ಕಂಡು ಚಪ್ಪಲಿ ಬಿಟ್ಟು ಕೆಸರಿಗೆ ಕಾಲಿಟ್ಟ. ಒಂದು ಕಾಲು ಮೊಣಕಾಲ ತನಕ ಹೂತುಕೊಂಡಿತು.

“ಮೆಲ್ಲಕ ಬರ್ರಿ ಗೌಡ್ರ,” ಎಂದಳು ಮುದುಕಿ ಹಣಮಮ್ಮ. “ನಿಮಗ ಇಳದು ರೂಢಿಲ್ಲ.”

ಯಾರೋ ಕಿಸಕ್ಕೆಂದರು. ಗೌಡ ಜೇಬಿನಿಂದ ಒಂದು ಫೋನು ತೆಗೆದ. ಗಾಜು ಒಡೆದದ್ದು, ಹಿಂದೆ ರಬ್ಬರ್ ಸುತ್ತಿದ್ದು. ಒತ್ತಿದ.

“ಅಕ್ಕಾ, ಹೊಸಾದು ಕೇಳು. ನಗಬ್ಯಾಡ ಮತ್ತ.” ಬಾಯಿಂದಲೇ ಬಡಿದ ತಾಳ: ಢಬ್, ಟಿಸ್, ಢಬ್ ಢಬ್. ನಡುವೆ ತಾಯಪ್ಪ ತಾನೇ ನಕ್ಕ.

ದೇವಕಮ್ಮ ಎದ್ದು ನಿಂತಳು. ಕೈಯಲ್ಲಿದ್ದ ಸಸಿಗಳು ನೀರಿಗೆ ಬಿದ್ದವು.

“ನಿನ್ನ ತಮ್ಮನ ದನಿ ಎಲ್ಲಾ ಇದರಾಗೇ ಅದ,” ಗೌಡ ಮೆತ್ತಗೆ ಹೇಳಿದ. “ಒಯ್ಯಿ. ಆ ಎರಡು ಸಾಲ ಬಿಟ್ಟಬಿಡು. ಕುಡದು ಬಿದ್ದ ಅಂತ ಇವರ ಮುಂದ ಒಂದ ಸಲ ಅನ್ನು, ಸಾಕು. ಇಲ್ಲಂದ್ರ ಇದನ್ನೂ ಕಾಲುವಿಗೆ ಒಗೀತೀನಿ.”

“ತಗೋ ಯವ್ವಾ,” ಹಣಮಮ್ಮ ಅವಳ ತೋಳು ಹಿಡಿದಳು. “ದನಿಯಾರ ಮನಿಗೆ ಬರಲಿ.”

ದೇವಕಮ್ಮ ಬಗ್ಗಿ ಗದ್ದೆಯ ನೀರಿನಲ್ಲಿ ಕೈ ತೊಳೆದಳು. ಸೀರೆಗೆ ಒರೆಸಿಕೊಂಡಳು. ಫೋನಿನೊಳಗೆ ತಾಯಪ್ಪ ಇನ್ನೂ ಹೇಳುತ್ತಿದ್ದ. ಅವನು ಮುಗಿಸುವ ತನಕ ಕಣ್ಣು ಮುಚ್ಚಿ ನಿಂತು ಕೇಳಿದಳು. ಆಮೇಲೆ ನೀರಲ್ಲಿ ತೇಲುತ್ತಿದ್ದ ಸಸಿಗಳನ್ನು ಒಂದೊಂದಾಗಿ ಆಯ್ದುಕೊಂಡಳು.

“ಒಗಿ,” ಎಂದಳು. “ನಾ ಅನ್ನಂಗಿಲ್ಲ.”