ಸುನ್ನಿವಾ ಮಲಗುವ ಮನೆ

ನನ್ನ ತಮ್ಮ ಎಸ್ಕಿಲ್‌ನ ಮಗಳು ಸುನ್ನಿವಾ ಅಪ್ಪನ ಮನೆಯಲ್ಲಿ ಊಟ ಮಾಡುತ್ತಿದ್ದಳು, ಪಾಠ ಓದುತ್ತಿದ್ದಳು, ಹಲ್ಲನ್ನೂ ಅಲ್ಲೇ ಉಜ್ಜುತ್ತಿದ್ದಳು. ಇಲ್ಲೇ ಮಲಗು ಎಂದರೆ ಮಾತ್ರ ಕೋಟು ಏರಿಸಿಕೊಂಡು ಬಾಗಿಲಲ್ಲಿ ನಿಂತುಬಿಡುತ್ತಿದ್ದಳು. ತಿಂಗಳಿಗೆ ಎರಡು ವಾರಾಂತ್ಯ ಅಪ್ಪನ ಬಳಿ ಎಂದು ಅಪ್ಪ ಅಮ್ಮ ಬೇರೆಯಾಗುವಾಗಲೇ ಮಾತಾಗಿತ್ತು. ಅಷ್ಟು ರಾತ್ರಿ ಚಾಚೂ ತಪ್ಪದೆ ಉಳಿಯುತ್ತಿದ್ದಳು. ಅದರ ಮೇಲೆ ಒಂದು ರಾತ್ರಿಯೂ ಇಲ್ಲ.

ಎಸ್ಕಿಲ್ ಮೊದಲು ಸರಕು ಹಡಗಿನಲ್ಲಿ ಮೆಕ್ಯಾನಿಕ್ ಆಗಿದ್ದ. ಮಗಳಿಗೆ ಹತ್ತು ತುಂಬಿದ ವರ್ಷ ಸಮುದ್ರ ಬಿಟ್ಟು, ಇಲ್ಲೇ ನಮ್ಮ ಬಂದರು ಪಟ್ಟಣ ಕ್ರಿಸ್ತಿಯಾನ್‌ಸುಂಡ್‌ನಲ್ಲಿ ಹಡಗು ರಿಪೇರಿಯ ಕೆಲಸ ಹಿಡಿದ. ಸಂಬಳ ಇಳಿಯಿತು, ಆದರೆ ಸಂಜೆ ನಾಲ್ಕಕ್ಕೆಲ್ಲ ಮನೆ. ನನ್ನ ಸಲೂನಿನ ಮೇಲಿನ ಮಹಡಿ ಖಾಲಿಯಿತ್ತು, ಅಲ್ಲಿಗೇ ಬಂದ. ಮಗಳ ಕೋಣೆಗೆ ಅವಳು ಆರಿಸಿದ ಹಳದಿ ಬಣ್ಣವನ್ನೇ ಬಳಿದ. ಶಾಲೆ ಇಲ್ಲಿಂದ ಎರಡೇ ಬೀದಿ. ಅವಳ ತಾಯಿ ಟೋರಿಲ್‌ಳ ಮನೆಯಿಂದಾದರೆ ಚಳಿಗಾಳಿಯಲ್ಲಿ ಸೇತುವೆ ದಾಟಿ ಬರಬೇಕು.

ಒಂದು ಬುಧವಾರ ಸಂಜೆ ನಾನು ಮೇಲೆ ಹೋದಾಗ ಸುನ್ನಿವಾ ವಾಫಲ್ ತಿಂದ ತಟ್ಟೆ ಮಡಿಲಲ್ಲಿಟ್ಟುಕೊಂಡು ಸೋಫಾದಲ್ಲೇ ತೂಕಡಿಸುತ್ತಿದ್ದಳು. ಎಸ್ಕಿಲ್ ಕಂಬಳಿ ಹೊದಿಸಲು ಹೋದ. ಹುಡುಗಿ ಬೆಚ್ಚಿ ಎದ್ದು ಕುಳಿತಳು.

“ಅತ್ತೆ, ಗಂಟೆ ಎಷ್ಟು? ಇದು ರಾತ್ರಿ ಅಂತ ಲೆಕ್ಕ ಆಗುತ್ತಾ?”

“ಯಾರ ಲೆಕ್ಕಕ್ಕೆ, ಚಿನ್ನ?”

ಅವಳು ಕಂಬಳಿ ಸರಿಸಿ ಎದ್ದಳು. ಬೂಟು ಹುಡುಕತೊಡಗಿದಳು.

ಅವಳನ್ನು ತಾಯಿಯ ಮನೆಗೆ ಬಿಟ್ಟು ಬಂದ ಎಸ್ಕಿಲ್ ಕುದಿಯುತ್ತಿದ್ದ. “ಕೇಳಿದ್ಯಲ್ಲ ಅಕ್ಕ? ಟೋರಿಲ್ ಹೇಳಿಕೊಟ್ಟಿದ್ದಾಳೆ. ಮಗು ನನ್ನ ಹತ್ರ ಜಾಸ್ತಿ ದಿನ ಮಲಗಿದ್ರೆ, ಸರ್ಕಾರದ ಲೆಕ್ಕದಲ್ಲಿ ನಾನು ಮಗು ಖರ್ಚಿಗೆ ಅಂತ ಟೋರಿಲ್‌ಗೆ ತಿಂಗಳಿಗೆ ಕೊಡೋ ದುಡ್ಡು ಇಳಿಯುತ್ತೆ. ಅವಳಿಗೆ ಅದೇ ಚಿಂತೆ.”

“ಟೋರಿಲ್ ಅಂಥವಳಲ್ಲ ಕಣೋ.”

“ನಿನ್ನ ಜೊತೆ ಅಲ್ಲ. ನನ್ನ ಜೊತೆ ಅವಳು ಎಂಥವಳು ಅಂತ ನಂಗೆ ಗೊತ್ತು.”

ನನಗೆ ಟೋರಿಲ್‌ಗಿಂತ ಆ ಮಗುವಿನ ಪ್ರಶ್ನೆಯೇ ತಲೆಯಲ್ಲಿ ಕೊರೆಯುತ್ತಿತ್ತು. ಹತ್ತು ವರ್ಷದ ಹುಡುಗಿ ನಿದ್ದೆಗಣ್ಣಿನಲ್ಲಿ ಕೇಳುವ ಮಾತೇ ಅದು?

ಮುಂದಿನ ವಾರ ಟೋರಿಲ್ ಕೂದಲು ಕತ್ತರಿಸಿಕೊಳ್ಳಲು ಬಂದಳು. ನನ್ನ ತಮ್ಮನನ್ನು ಬಿಟ್ಟಿದ್ದಳೇ ಹೊರತು ನನ್ನ ಕತ್ತರಿಯನ್ನು ಬಿಟ್ಟಿರಲಿಲ್ಲ. ಅವಳಿಗೆ ಶಿಶುವಿಹಾರದಲ್ಲಿ ಕೆಲಸ, ಸಂಬಳ ಅಷ್ಟಕ್ಕಷ್ಟೆ. ನಾನು ಸುತ್ತುಬಳಸದೆ ಕೇಳಿದೆ: “ಅಲ್ಲಿ ಮಲಗಬೇಡ ಅಂತ ಮಗಳಿಗೆ ನೀನೇನಾದ್ರೂ ಹೇಳಿದ್ಯಾ?”

“ನಾನಾ?” ಅವಳು ತಿರುಗಿದ ರಭಸಕ್ಕೆ ಕಿವಿ ಕತ್ತರಿಗೆ ಸಿಗುವುದರಲ್ಲಿತ್ತು. “ಅಲ್ಲೇ ಮಲ್ಕೋ, ಶಾಲೆ ಹತ್ರ ಅಂತ ನಾನೇ ಬ್ಯಾಗು ತುಂಬಿ ಕಳಿಸ್ತೀನಿ. ಹಾಗೇ ವಾಪಸ್ ತರ್ತಾಳೆ. ಅಪ್ಪನ ಮನೇಲಿ ಚಳಿ ಅಂತಾಳೆ.”

“ಚಳೀನಾ? ಅವನು ಹೀಟರ್ ಉರಿಸೋದಕ್ಕೆ ನನ್ನ ಕರೆಂಟ್ ಬಿಲ್ಲು ಆಕಾಶಕ್ಕೆ ಹೋಗಿದೆ!”

ಟೋರಿಲ್ ನಗಲಿಲ್ಲ. ಕನ್ನಡಿಯಲ್ಲೇ ನನ್ನನ್ನು ನೋಡಿ ಕೇಳಿದಳು: “ನಿಜ ಹೇಳು ಸಿಗ್ರುನ್. ಅವನು ದಡಕ್ಕೆ ಬಂದಿದ್ದು ಮಗಳಿಗೋಸ್ಕರಾನಾ, ದುಡ್ಡು ಉಳಿಸೋಕಾ?”

ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

ಶನಿವಾರ ಅದೇ ಕುರ್ಚಿಯಲ್ಲಿ ಸುನ್ನಿವಾ ಕುಳಿತಳು. ಒದ್ದೆ ಕೂದಲು, ಕುತ್ತಿಗೆಗೆ ಟವೆಲ್ಲು.

“ಅಪ್ಪನ ಮನೇಲಿ ಚಳೀನಾ?” ಎಂದೆ.

“ಇಲ್ಲ.” ಟವೆಲ್ಲಿನ ಅಂಚು ಎಳೆದುಕೊಂಡಳು. “ಯಾರಿಗೂ ಹೇಳಲ್ಲ ಅಂದ್ರೆ ಹೇಳ್ತೀನಿ.”

“ಹಾಗೆಲ್ಲ ಮಾತು ಕೊಡಲ್ಲಪ್ಪ. ಕೇಳಿದ ಮೇಲೆ ನೋಡೋಣ.”

ಅವಳು ಅದನ್ನು ತೂಗಿ ನೋಡಿದಳು, ಒಪ್ಪಿಕೊಂಡಳು. “ನಮ್ಮ ಕ್ಲಾಸಲ್ಲಿ ಎಂಡ್ರೆ ಅಂತ ಒಬ್ಬ ಇದಾನೆ. ಅವನು ಅರ್ಧ ತಿಂಗಳು ಅಪ್ಪನ ಮನೇಲಿ ಇರೋಕೆ ಶುರು ಮಾಡ್ದ. ಅವರಮ್ಮ ಮನೆ ಬಿಟ್ಟು ಚಿಕ್ಕ ಮನೆಗೆ ಹೋಗ್ಬೇಕಾಯ್ತು. ತಾನು ಅಲ್ಲಿ ಮಲಗಿದ್ದಕ್ಕೇ ಹಾಗಾಯ್ತು ಅಂತ ಅವನೇ ಹೇಳ್ದ. ಸುಳ್ಳಿರಬೇಕು ಅಂತ ನಾನು ನೆಟ್ಟಲ್ಲಿ ನೋಡ್ದೆ. ಅಲ್ಲಿ ಸರ್ಕಾರದ್ದೊಂದು ಪುಟ ಇದೆ, ಎಷ್ಟು ರಾತ್ರಿ ಅಂತ ಹಾಕಿದ್ರೆ ಅಪ್ಪ ಅಮ್ಮಂಗೆ ಎಷ್ಟು ದುಡ್ಡು ಕೊಡ್ಬೇಕು ಅಂತ ತೋರಿಸುತ್ತೆ. ರಾತ್ರಿ ಜಾಸ್ತಿ ಮಾಡಿದಷ್ಟೂ ಅಮ್ಮಂದು ಕಮ್ಮಿ ಆಗ್ತಾನೇ ಹೋಯ್ತು.”

“ಅಪ್ಪನ ಸಂಬಳ ನಿಂಗೆ ಹೇಗೆ ಗೊತ್ತು?”

“ಗೊತ್ತಿಲ್ಲ. ಒಂದು ಕೋಟಿ ಕ್ರೋನರ್ ಅಂತ ಹಾಕ್ದೆ. ತುಂಬ ಕೆಲಸ ಮಾಡ್ತಾನಲ್ಲ.”

ನಗು ಬರಬೇಕಿತ್ತು, ಬರಲಿಲ್ಲ. “ನಿಂಗೆಲ್ಲಿ ಮಲಗೋಕೆ ಇಷ್ಟ?”

“ಎರಡೂ ಕಡೆ,” ಎಂದಳು. ಆಮೇಲೆ ಕಾಲು ಆಡಿಸುತ್ತ, “ಆದ್ರೆ ಅಮ್ಮ ಮನೆ ಬಿಡಬಾರದು.”

ಭಾನುವಾರ ಅವಳು ಈಜಲು ಹೋದ ಹೊತ್ತಿಗೆ ಎಸ್ಕಿಲ್, ಟೋರಿಲ್ ಇಬ್ಬರನ್ನೂ ಮುಚ್ಚಿದ ಸಲೂನಿಗೆ ಕರೆಸಿ, ಕೇಳಿದ್ದನ್ನೆಲ್ಲ ಹೇಳಿದೆ.

ಮೊದಲು ಮಾತಾಡಿದವನು ಎಸ್ಕಿಲ್. “ದಡಕ್ಕೆ ಬರೋ ಮುಂಚೆ ನಾನೂ ಅದೇ ಲೆಕ್ಕ ಹಾಕಿ ನೋಡಿದ್ದೆ. ಸಂಬಳ ಇಳಿಯುತ್ತೆ, ಅವಳು ನನ್ನ ಹತ್ರ ಇದ್ರೆ ಕೊಡೋದೂ ಇಳಿಯುತ್ತೆ, ಸರಿಹೋಗುತ್ತೆ ಅಂತ. ಅದಕ್ಕೋಸ್ಕರ ಬರ್ಲಿಲ್ಲ ಟೋರಿಲ್. ಆದ್ರೆ ಲೆಕ್ಕ ಹಾಕಿದ್ದಂತೂ ನಿಜ.”

ಅವಳು ಸಿಡಿಯುತ್ತಾಳೆ ಎಂದುಕೊಂಡೆ. ಕೈಚೀಲದ ಜಿಪ್ಪು ಎಳೆಯುತ್ತ ಮೆಲ್ಲಗೆ ಹೇಳಿದಳು: “ಅವಳು ವಾಪಸ್ ಬಂದಾಗೆಲ್ಲ ನಂಗೊಂಥರಾ ಸಮಾಧಾನ ಆಗ್ತಿತ್ತು. ಮಗು ಬಂತಲ್ಲ ಅಂತ ಅಂದ್ಕೊಂಡಿದ್ದೆ. ಆ ಸಮಾಧಾನದಲ್ಲಿ ಮನೆ ಬಾಡಿಗೆ ಚಿಂತೇನೂ ಸೇರ್ಕೊಂಡಿತ್ತು ಅಂತ ಈಗ ಅನ್ಸುತ್ತೆ.”

ಇಲ್ಲಿಂದ ಶುರುವಾದದ್ದು ನಾನು ಹಿಂದೆಂದೂ ಕೇಳಿರದ ಜಗಳ.

“ಸರಿ, ಅವಳು ಎಲ್ಲಿ ಮಲಗಿದ್ರೂ ನಾನು ಮೊದಲಿನಷ್ಟೇ ಕೊಡ್ತೀನಿ,” ಎಂದ ಎಸ್ಕಿಲ್.

“ಯಾಕೆ, ನಂಗೆ ದಾನ ಕೊಡ್ತೀಯಾ? ಅರ್ಧ ತಿಂಗಳು ನೀನೇ ಊಟ ಹಾಕಿ, ಮೇಲೆ ಪೂರ್ತಿ ದುಡ್ಡೂ ಕೊಟ್ರೆ ಅದ್ಯಾವ ನ್ಯಾಯ?”

“ಕಮ್ಮಿ ಮಾಡಿ ನೀನು ಮನೆ ಬಿಟ್ರೆ ಅದು ನ್ಯಾಯಾನಾ?”

“ನಿನ್ನ ಸಂಬಳ ಇಳಿದಿದೆ ಅಂತ ನೀನೇ ಈಗಷ್ಟೇ ಹೇಳ್ದೆ!”

“ನನ್ನ ಸಂಬಳದ ಚಿಂತೆ ನಿಂಗ್ಯಾಕೆ?”

ಇಷ್ಟು ದಿನ ತಮ್ಮ ತಮ್ಮ ಪರ ವಾದಿಸಿದ್ದವರು ಈಗ ಎದುರಿನವರ ಪರ ವಕಾಲತ್ತು ಹಿಡಿದು ಕೂಗಾಡುತ್ತಿದ್ದರು. ನಾನು ಕಾಫಿಗೆ ನೀರಿಟ್ಟೆ.

ಕಾಫಿ ಕುಡಿಯುವಾಗ ಟೋರಿಲ್ ಒಂದು ಮಾತು ಹೇಳಿದಳು. “ನಂಗೆ ಒಂದು ವಿಚಿತ್ರ ಅನ್ಸುತ್ತೆ. ಅವಳು ನಿನ್ನ ಹತ್ರ ಇರೋ ರಾತ್ರಿ ನಮ್ಮನೇಲಿ ಒಂದು ತಟ್ಟೆ ಊಟ ಉಳಿಯುತ್ತೆ, ಸರಿ. ಆದ್ರೆ ಅವಳ ಕೋಣೆ ಅಲ್ಲೇ ಇರುತ್ತಲ್ಲ? ಅದಕ್ಕೆ ಬಾಡಿಗೆ ಕಟ್ಟಲೇಬೇಕಲ್ಲ?”

ಎಸ್ಕಿಲ್ ಲೋಟ ಕೆಳಗಿಟ್ಟ. ಕೆಟ್ಟ ಯಂತ್ರದ ಮುಂದೆ ಕೂತಾಗ ಅವನ ಮುಖದಲ್ಲಿ ಬರುವ ಕಳೆ ಈಗ ಬಂತು. “ಹೌದಲ್ವಾ! ಊಟ ಕಮ್ಮಿ ಆಗುತ್ತೆ, ಕೋಣೆ ಕಮ್ಮಿ ಆಗಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕ್ತಿದೀವಿ.”

ಆಮೇಲೆ ಕೂಗಾಟ ನಿಂತು ಕುತೂಹಲ ಶುರುವಾಯಿತು. ಯಾವುದು ಮಗುವಿನ ಜೊತೆ ಆಚೀಚೆ ಓಡಾಡುವ ಖರ್ಚು, ಯಾವುದು ಕದಲದ ಖರ್ಚು ಎಂದು ಒಂದೊಂದನ್ನೇ ಎತ್ತಿ ನೋಡಿದರು. ಸರ್ಕಾರದ ಲೆಕ್ಕವನ್ನು ಬಿಟ್ಟು ಇಬ್ಬರೂ ಒಪ್ಪಿ ಬೇರೆ ಮೊತ್ತ ಇಟ್ಟುಕೊಳ್ಳಲು ಯಾರ ಅಡ್ಡಿಯೂ ಇರಲಿಲ್ಲ. ಟೋರಿಲ್ ಮನೆಯಲ್ಲಿರುವ ಮಗಳ ಕೋಣೆಯ ಬಾಡಿಗೆಗೆ ಎಸ್ಕಿಲ್ ಪ್ರತಿ ತಿಂಗಳು ಕೊಡುವುದು, ಊಟ ಅವರವರ ಮನೆಯಲ್ಲಿ ಅವರವರದು, ಬಟ್ಟೆ, ಹಲ್ಲಿನ ಡಾಕ್ಟರು, ಹಿಮದಲ್ಲಿ ಜಾರುವ ಸ್ಕೀಗಳ ಖರ್ಚು ಇಬ್ಬರ ಸಂಬಳದ ಪ್ರಮಾಣಕ್ಕೆ ತಕ್ಕಂತೆ. ಮೊದಲಿಗಿಂತ ಮೊತ್ತ ಇಳಿಯಿತು, ಎಸ್ಕಿಲ್ ನಿರೀಕ್ಷಿಸಿದಷ್ಟು ಅಲ್ಲ. ಒಂದು ವರ್ಷ ಇದು ಹೀಗೇ, ಅವಳು ಎಲ್ಲಿ ಮಲಗಿದರೂ.

ಮಗಳಿಗೆ ಆ ಸಂಜೆಯೇ ಹೇಳಿದರು. ಅವಳು ಪಾಟೀಸವಾಲಿಗೆ ನಿಂತಳು.

“ಒಂದು ತಿಂಗಳು ಪೂರ್ತಿ ಅಪ್ಪನ ಹತ್ರ ಇದ್ರೆ?”

“ಅಷ್ಟೇ ದುಡ್ಡು,” ಎಂದಳು ಟೋರಿಲ್.

“ಅತ್ತೆ ಮನೇಲಿ ಮಲಗಿದ್ರೆ?”

“ಅಷ್ಟೇ. ಅತ್ತೆಗೆ ಒಂದು ಕಾಸೂ ಸಿಗಲ್ಲ,” ಎಂದೆ ನಾನು.

“ಅಪ್ಪ ಹಡಗಿಗೆ ವಾಪಸ್ ಹೋದ್ರೆ?”

ಎಸ್ಕಿಲ್ ಬಂದು ಅವಳ ಪಕ್ಕ ಕೂತ. “ಹೋಗಲ್ಲ ಚಿನ್ನ.”

“ನಾನು ಕೇಳಿದ್ದು ದುಡ್ಡಿನ ವಿಷಯ.”

ಆದರೂ ಅವಳು ಕೂಡಲೇ ನಂಬಲಿಲ್ಲ. ತಾಯಿ ಮನೆ ಖಾಲಿ ಮಾಡುವ ಸುಳಿವೇನಾದರೂ ಇದೆಯೇ ಎಂದು ಕೆಲವು ವಾರ ನೋಡಿದಳು. ಕೊನೆಗೆ ಒಂದು ಮಂಗಳವಾರ ತನ್ನ ದಿಂಬನ್ನೂ ಹೊತ್ತುಕೊಂಡು ಅಪ್ಪನ ಮನೆಗೆ ಬಂದಳು. ಆ ಸಂಜೆ ಖಾಲಿ ಮನೆಯಲ್ಲಿ ಏನು ಮಾಡಲೂ ತೋಚದೆ ಟೋರಿಲ್, ಮಗಳು ಹುಟ್ಟುವ ಮುಂಚೆ ತಾನು ಹಾಡುತ್ತಿದ್ದ ಗಾಯನ ಮೇಳಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ನಿಂತಳಂತೆ. ಅರ್ಧ ಹಾಡುಗಳು ಮರೆತೇಹೋಗಿದ್ದವು ಎಂದು ನನಗೆ ಫೋನು ಮಾಡಿ ನಕ್ಕಳು. ವಸಂತ ಬರುವಷ್ಟರಲ್ಲಿ ಸುನ್ನಿವಾ ಎರಡೂ ಮನೆಗಳಲ್ಲಿ ಹೆಚ್ಚುಕಡಿಮೆ ಸಮನಾಗಿ ಇರತೊಡಗಿದ್ದಳು.

ವರ್ಷ ಕಳೆದ ಮೇಲೆ ಅವರಿಬ್ಬರೂ ಮತ್ತೆ ಕುಳಿತರು. ಟೋರಿಲ್‌ಗೆ ಬಡ್ತಿ ಸಿಕ್ಕಿತ್ತು, ಮೊತ್ತ ಇನ್ನಷ್ಟು ಇಳಿಯಬೇಕೆಂದು ಅವಳೇ ಹೇಳಿದಳು. ಸ್ಕೀ ಬೂಟಿನ ವಿಷಯಕ್ಕೆ ಮಾತ್ರ ಇಬ್ಬರೂ ಜೋರಾಗಿಯೇ ಜಗಳವಾಡಿದರು. ಒಂದೇ ಚಳಿಗಾಲಕ್ಕೆ ಇಬ್ಬರೂ ತಲಾ ಒಂದು ಜೊತೆ ತಂದಿದ್ದರು, ಎರಡೂ ಅವಳಿಗೆ ಬಿಗಿ. ಈ ಸಲ ಸುನ್ನಿವಾ ಈಜಲು ಹೋಗಲಿಲ್ಲ. ತಾನೇ ಒಂದು ಕುರ್ಚಿ ಎಳೆದುಕೊಂಡು ಅಪ್ಪ ಅಮ್ಮನ ನಡುವೆ ಕೂತು, “ನನ್ನ ಕಾಲಿನ ಅಳತೆ ಯಾರಾದ್ರೂ ಕೇಳಿದ್ರಾ?” ಎಂದಳು.