ಕತ್ತಿಲ್ಲದ ಗೊಂಬೆ

ಹೆರಿಗೆ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವಳು ಹಾಲಕ್ಕ. ಹೊಸ ತಾಯಂದಿರಿಗೆ ಮಗುವಿಗೆ ಎದೆಹಾಲು ಕುಡಿಸುವುದನ್ನು ಕಲಿಸುವುದೇ ಅವಳ ಕೆಲಸ, ಒಂಬತ್ತು ವರ್ಷದಿಂದ. ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಕಂಕುಳಲ್ಲಿ ಬಟ್ಟೆಯ ಗೊಂಬೆಯೊಂದನ್ನು ಇರುಕಿಕೊಂಡು ವಾರ್ಡಿಗೆ ಕಾಲಿಟ್ಟಳೆಂದರೆ, ಗೋಡೆಗೆ ಮುಖ ಮಾಡಿ ಮಲಗಿದ ಬಾಣಂತಿಯರೂ ಎದ್ದು ಕೂರುತ್ತಿದ್ದರು.

"ನಂಗೆ ಹಾಲೇ ಇಲ್ಲ ಮೇಡಂ" ಎಂದು ಯಾರಾದರೂ ಮೂಗೆಳೆದರೆ, "ಇಲ್ಲ ಅನ್ನೋ ಮಾತು ಈ ವಾರ್ಡಲ್ಲಿ ನಡೆಯಲ್ಲ. ಇನ್ನೂ ಬಂದಿಲ್ಲ ಅನ್ನು. ಬರೋರನ್ನ ಬಾಗಿಲಲ್ಲೇ ಇಲ್ಲ ಅಂದು ಕಳಿಸ್ತಾರಾ ಯಾರಾದ್ರೂ?" ಎಂದು ಗದರುವಳು. ಗದರಿಕೆಯಲ್ಲೇ ಅರ್ಧ ಜನಕ್ಕೆ ಧೈರ್ಯ ಬರುತ್ತಿತ್ತು.

ಗೊಂಬೆಯದೊಂದು ಕಥೆ. ಕೆಲಸಕ್ಕೆ ಸೇರಿದ ಎರಡನೇ ವರ್ಷವೇ ಅದರ ಕುತ್ತಿಗೆಯ ಹೊಲಿಗೆ ಬಿಚ್ಚಿ, ಒಳಗಿನ ಹತ್ತಿ ಉದುರಿ, ತಲೆ ಅತ್ತಿತ್ತ ವಾಲಾಡುತ್ತಿತ್ತು. ಆಯಾ ಎಷ್ಟೋ ಸಲ ಸೂಜಿ ದಾರ ಹಿಡಿದು ಬಂದಿದ್ದಳು. "ಇರಲಿ ಬಿಡು, ನಗಿಸೋಕಾದ್ರೂ ಬೇಕಲ್ಲ" ಎಂದು ಹಾಲಕ್ಕ ಅವಳನ್ನು ಸಾಗಹಾಕುತ್ತಿದ್ದಳು. ಕತ್ತಿಲ್ಲದ ಆ ಗೊಂಬೆಯ ಮೇಲೆ ನಾಲ್ಕು ಮಾತಾಡಿ ನಗಿಸಿಯೇ ಅವಳ ಪಾಠ ಶುರುವಾಗುತ್ತಿತ್ತು.

ಈಗ ಅದೇ ವಾರ್ಡಿನ ಏಳನೇ ಮಂಚದ ಮೇಲೆ ಅವಳೇ ಮಲಗಿದ್ದಳು. ಮೂವತ್ತೆಂಟಕ್ಕೆ ಹುಟ್ಟಿದ ಮೊದಲ ಮಗು, ಹೆಣ್ಣು. ಹೊಟ್ಟೆ ಕೊಯ್ದು ತೆಗೆದಿದ್ದರು. ತಾಯಿ ಮಗು ಇಬ್ಬರೂ ಸುಖವಾಗಿದ್ದರು, ಒಂದು ವಿಷಯ ಬಿಟ್ಟು. ಮಗು ಎದೆ ಹಿಡಿಯುತ್ತಿರಲಿಲ್ಲ.

ಹಿಡಿಯುತ್ತಿರಲಿಲ್ಲ ಎಂದರೆ ಸುಮ್ಮನೆ ಅಲ್ಲ. ಎದೆಯ ಹತ್ತಿರ ತಂದ ಕೂಡಲೇ ಬೆನ್ನು ಬಿಲ್ಲು ಮಾಡಿ, ತಲೆ ಹಿಂದಕ್ಕೆ ಒದರಿ, ಕೆಂಪಗಾಗಿ ಕಿರುಚುತ್ತಿತ್ತು. ಅಪ್ಪಿತಪ್ಪಿ ಹಿಡಿದರೂ ತೊಟ್ಟಿನ ತುದಿಯನ್ನಷ್ಟೇ ಕಚ್ಚಿ ಬಿಟ್ಟುಬಿಡುತ್ತಿತ್ತು. ಹಾಲಕ್ಕನ ಎರಡೂ ತೊಟ್ಟು ಒಡೆದು ಉರಿಯುತ್ತಿದ್ದವು. ಹಿಂಡಿದ ಹಾಲನ್ನು ಚಮಚದಲ್ಲಿ ಕುಡಿಸುತ್ತಿದ್ದಳು ನಿಜ, ಆದರೆ ಬಂದದ್ದೇ ಅಷ್ಟಿಷ್ಟು.

ಮೂರನೇ ದಿನ ಬೆಳಿಗ್ಗೆ ತೂಕ ನೋಡಿದರು. ಹುಟ್ಟಿದಾಗ ಮೂರು ಕಿಲೋ ನೂರು ಗ್ರಾಂ ಇದ್ದ ಮಗು ಎರಡು ಕಿಲೋ ಎಂಟುನೂರ ಇಪ್ಪತ್ತಕ್ಕೆ ಇಳಿದಿತ್ತು. ಡಾಕ್ಟರಮ್ಮ ಚೀಟಿ ನೋಡಿ, ಅವಳ ಮುಖ ನೋಡಿ, ಮೆಲ್ಲಗೆ ಹೇಳಿದರು: "ನಿಮಗೆ ನಾನೇನು ಹೇಳೋದು, ಎಲ್ಲಾ ಗೊತ್ತಿರೋರು. ನಾಳೆ ಬೆಳಿಗ್ಗೆ ಇನ್ನೂ ಇಳಿದಿದ್ರೆ ಜೊತೆಗೆ ಡಬ್ಬಿ ಹಾಲು ಶುರು ಮಾಡ್ಬೇಕಾಗುತ್ತೆ."

ಡಬ್ಬಿ ಹಾಲೇನೂ ಪಾಪವಲ್ಲ. ಬೇಕಾದಾಗ ಕೊಡಲೇಬೇಕು, ಅದರಲ್ಲಿ ನಾಚಿಕೆ ಏನೂ ಇಲ್ಲ ಎಂದು ಹಾಲಕ್ಕನೇ ನೂರಾರು ಜನರಿಗೆ ಹೇಳಿದ್ದಳು. ಹೇಳುವಾಗ ಎಷ್ಟು ಸುಲಭವಾಗಿತ್ತು! ಈಗ ತನ್ನದೇ ಸರದಿ. ಅವಳಿಗೆ ಈ ಮಗುವಿಗೆ ತನ್ನ ಹಾಲನ್ನೇ ಕುಡಿಸಬೇಕಿತ್ತು. ಇಷ್ಟು ವರ್ಷ ಊರಿನವರ ಮಕ್ಕಳು ಕುಡಿಯುವುದನ್ನು ನೋಡಿ ನೋಡಿ ಬಂದ ಆಸೆ ಅದು.

ಮಂಚದ ಪಕ್ಕ ಕೂತಿದ್ದ ಅವಳ ಅಮ್ಮ ಬಾಯಿಬಿಟ್ಟೇಬಿಟ್ಟರು. "ನಾಳೆ ತನಕ ಯಾಕೆ ಕಾಯ್ತೀಯ? ಈಗ್ಲೇ ಒಂದು ಡಬ್ಬಿ ತರಿಸಿಬಿಡೋಣ. ನಿನ್ನ ಹಟಕ್ಕೆ ಮಗು ಸೊರಗಬಾರದು."

"ಹಟ ಅಲ್ಲಮ್ಮ. ನಾಳೆ ಬೆಳಿಗ್ಗೆವರೆಗೆ ಟೈಮಿದೆ. ನನ್ನ ಕೆಲಸ ನಂಗೆ ಬರುತ್ತೆ."

ಕೆಲಸ ಬರುತ್ತಿತ್ತು, ಅದರಲ್ಲಿ ಸುಳ್ಳೇನಿಲ್ಲ. ಎಡವಟ್ಟಾಗಿದ್ದು ಅಲ್ಲೇ. ಬೇರೆ ಯಾವ ಬಾಣಂತಿಯಾದರೂ ಮೂರು ದಿನ ಹೀಗೆ ಒದ್ದಾಡಿದ್ದರೆ ನಾಲ್ಕು ನರ್ಸುಗಳು ಸುತ್ತ ನಿಂತು ಹೇಳಿಕೊಡುತ್ತಿದ್ದರು. ಹಾಲಕ್ಕನ ಹತ್ತಿರ ಬಂದವರು ಮಾತ್ರ "ಏನಾದ್ರೂ ಬೇಕಾ ಅಕ್ಕ?" ಎಂದು ಕೇಳಿ, ಗೌರವದಿಂದ ಪರದೆ ಎಳೆದು ಹೋಗುತ್ತಿದ್ದರು. ಹಾಲಕ್ಕನಿಗೆ ಹಾಲೂಡಿಸಲು ಕಲಿಸುವ ಧೈರ್ಯ ಯಾರಿಗಿದೆ? ಅವಳೂ ಬಾಯಿಬಿಟ್ಟು ಕೇಳಲಿಲ್ಲ. ಬಿಗುಮಾನ, ಮತ್ತೇನು.

ಪಕ್ಕದ ಎಂಟನೇ ಮಂಚಕ್ಕೆ ಹಿಂದಿನ ದಿನ ಒಬ್ಬಳು ಬಸ್ ಡ್ರೈವರ್ ಬಂದಿದ್ದಳು. ಎರಡನೇ ಹೆರಿಗೆ. ಗಂಟಲು ಹಾರನ್ನಿನಂಥದು. ಅವಳ ಮಗ ಹುಟ್ಟಿದ ಗಳಿಗೆಯಿಂದ ಚಪ್ಪರಿಸಿ ಕುಡಿಯುತ್ತಿದ್ದ, ಆ ಸದ್ದು ಪರದೆಯಾಚೆಯಿಂದ ಕೇಳಿದಾಗಲೆಲ್ಲ ಹಾಲಕ್ಕ ತನ್ನ ಮಗುವನ್ನು ಮತ್ತೆ ಎದೆಗೆ ಎತ್ತಿಕೊಳ್ಳುತ್ತಿದ್ದಳು.

ಮಧ್ಯಾಹ್ನ ಅಮ್ಮ ಊಟಕ್ಕೆಂದು ಕೆಳಗೆ ಹೋಗಿದ್ದರು. ಮಗು ಮತ್ತೆ ಕಿರುಚಿತು. ಹಾಲಕ್ಕ ದಿಂಬು ಸರಿಮಾಡಿ ನೆಟ್ಟಗೆ ಕೂತಳು. ಮಗುವಿನ ಹೊಟ್ಟೆ ತನ್ನ ಹೊಟ್ಟೆಗೆ ತಾಗುವಂತೆ ತಿರುಗಿಸಿದಳು. ಮಗುವಿನ ಮೂಗು ತೊಟ್ಟಿನ ನೇರಕ್ಕೆ ಬಂತು. ಬಾಯಿ ಅಗಲವಾಗಿ ತೆರೆಯುವವರೆಗೆ ಕಾದಳು. ಎಲ್ಲ ಪುಸ್ತಕದಲ್ಲಿದ್ದ ಹಾಗೆಯೇ. ಬಾಯಿ ತೆರೆಯಿತು, ಹತ್ತಿರ ತಂದಳು, ಮಗು ಮತ್ತೆ ಬಿಲ್ಲಾಯಿತು. ಮತ್ತೊಮ್ಮೆ. ಇನ್ನೊಮ್ಮೆ. ಕೊನೆಗೆ ಹಾಲಕ್ಕ ಮಗುವಿಗಿಂತ ಜೋರಾಗಿ ಅತ್ತುಬಿಟ್ಟಳು.

"ನಂಗೆ ಬರಲ್ಲ, ಮಗಳೇ. ನಂಗೇ ಬರಲ್ಲ."

ಸರ್ರೆಂದು ಪರದೆ ಸರಿಯಿತು. ಡ್ರೈವರ್ ನಿಂತಿದ್ದಳು, ಮಗುವನ್ನು ಒಂದು ತೋಳಲ್ಲಿ ಹಾಕಿಕೊಂಡು.

"ಬರಲ್ಲ ಅನ್ನೋ ಮಾತು ಈ ವಾರ್ಡಲ್ಲಿ ನಡೆಯುತ್ತಾ ಮೇಡಂ?"

ಹಾಲಕ್ಕ ಮುಖ ಒರೆಸಿಕೊಂಡಳು. "ಈ ಮಾತು ನಿಮಗೆ ಹೇಗೆ..."

"ಮರೆತುಬಿಟ್ರಾ? ಮೂರು ವರ್ಷದ ಹಿಂದೆ, ಇದೇ ವಾರ್ಡು, ಮೂಲೆ ಮಂಚ. ನನ್ನ ಮಗಳಿಗೆ ಕುಡಿಸೋದು ಕಲಿಸಿದ್ದೇ ನೀವು. ನಿನ್ನೆಯಿಂದ ಪರದೆ ಸಂದಿಯಿಂದ ನೋಡ್ತಾನೇ ಇದೀನಿ. ಹೇಳ್ಲೋ ಬೇಡ್ವೋ ಅಂತ ನಾಲಿಗೆ ಕಚ್ಚಿಕೊಂಡಿದ್ದೆ. ಇನ್ನು ತಡೆಯೋಕಾಗಲ್ಲ. ಇನ್ನೊಂದು ಸಲ ಹಿಡೀರಿ ಮಗೂನ."

ಹಾಲಕ್ಕ ಹಿಡಿದಳು.

"ನಿಮ್ಮ ಬಲಗೈ ಎಲ್ಲಿದೆ ನೋಡಿ."

ನೋಡಿದಳು. ಬಲ ಅಂಗೈ ಮಗುವಿನ ತಲೆಯ ಹಿಂಭಾಗವನ್ನು ಬೋಗುಣಿಯಂತೆ ತುಂಬಿ ಹಿಡಿದು, ಎದೆಗೆ ಒತ್ತುತ್ತಿತ್ತು.

ಡ್ರೈವರ್ ಗಂಟಲು ಸರಿಮಾಡಿಕೊಂಡು, ಹಾಲಕ್ಕನದೇ ಧಾಟಿಯಲ್ಲಿ ಶುರುಮಾಡಿದಳು: "'ಈ ಗೊಂಬೆಗೆ ಕತ್ತಿಲ್ಲ ಕಣ್ರಮ್ಮಾ, ಅದಕ್ಕೇ ನಾನು ತಲೆ ಹಿಡಿದಿದೀನಿ. ನಿಮ್ಮ ಮಗೂಗೆ ಕತ್ತು ಇದೆ. ತಲೆ ಹಿಡಿದು ಒತ್ತಬೇಡಿ, ಒತ್ತಿದ್ರೆ ಅದು ಹಿಂದಕ್ಕೇ ಒದರುತ್ತೆ. ಕತ್ತು ಭುಜ ಹಿಡೀರಿ, ತಲೆ ಬಿಡಿ.' ಅವತ್ತು ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ವಿ. ನಗುನಗ್ತಾ ಕಲಿತೂ ಬಿಟ್ವಿ."

ಹಾಲಕ್ಕ ತನ್ನ ಕೈಯನ್ನು ದಿಟ್ಟಿಸಿದಳು. ಇಷ್ಟು ವರ್ಷ ಬಾಯಿ ಸರಿಯಾದದ್ದನ್ನೇ ಹೇಳಿತ್ತು. ಕೈ ಮಾತ್ರ ದಿನಾ ಹನ್ನೊಂದಕ್ಕೆ ಕತ್ತಿಲ್ಲದ ಗೊಂಬೆಯ ತಲೆಯನ್ನೇ ಹಿಡಿದಿತ್ತು. ತಾಯಂದಿರು ಮಾತನ್ನು ಕಲಿತು ಮನೆಗೆ ಹೋದರು, ಅವಳ ಕೈ ಗೊಂಬೆಯನ್ನು ಕಲಿತು ಇಲ್ಲೇ ಉಳಿಯಿತು. ಅಳು ಬರುತ್ತಿದ್ದ ಬಾಯಲ್ಲೇ ನಗು ಉಕ್ಕಿ, ಹೊಲಿಗೆ ಹಾಕಿದ ಹೊಟ್ಟೆ ಚುಳ್ಳೆಂದಿತು.

"ಆಮೇಲೆ ನಗಿ. ಮೊದಲು ಸ್ಟೇರಿಂಗ್ ಬಿಡಿ" ಎಂದಳು ಡ್ರೈವರ್. "ದಾರಿ ಅದಕ್ಕೆ ಗೊತ್ತು."

ಹಾಲಕ್ಕ ಕೈಯನ್ನು ಕೆಳಗೆ ಸರಿಸಿದಳು. ಅಂಗೈ ಭುಜಗಳ ನಡುವೆ, ಹೆಬ್ಬೆರಳು ಮತ್ತು ತೋರುಬೆರಳು ಕಿವಿಗಳ ಕೆಳಗೆ. ತಲೆಗೆ ಯಾವ ಒತ್ತೂ ಇಲ್ಲ. ಮಗು ಒಂದು ಕ್ಷಣ ಸುಮ್ಮನಾಯಿತು. ತಾನಾಗಿಯೇ ತಲೆ ಸ್ವಲ್ಪ ಹಿಂದಕ್ಕೆ ವಾಲಿಸಿ, ಗದ್ದ ಎದೆಗೆ ತಾಗಿಸಿ, ಬಾಯಿ ಆ ಎಂದು ಅಗಲಿಸಿ ಹಿಡಿಯಿತು. ತುದಿಯನ್ನಲ್ಲ, ಬಾಯಿತುಂಬ. ಚುರ್ ಎನ್ನಲಿಲ್ಲ, ಉರಿಯಲಿಲ್ಲ. ಸ್ವಲ್ಪ ಹೊತ್ತಿಗೆ ಗುಳುಕ್, ಗುಳುಕ್ ಎಂಬ ಸದ್ದು ಅವಳದೇ ಎದೆಯಿಂದ ಕೇಳಿತು. ಹಾಲಕ್ಕನಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಊಟ ಮುಗಿಸಿ ಬಂದ ಅಮ್ಮ ಪರದೆಯ ಹತ್ತಿರವೇ ನಿಂತು ಸದ್ದು ಕೇಳಿಸಿಕೊಂಡರು. ಡಬ್ಬಿಯ ಮಾತು ಮತ್ತೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ತಕ್ಕಡಿಯ ಸುತ್ತ ಆರು ಜನ. ಎರಡು ಕಿಲೋ ಎಂಟುನೂರ ನಲವತ್ತೈದು. ಇಪ್ಪತ್ತೈದು ಗ್ರಾಂ ಏರಿತ್ತು. ಡಾಕ್ಟರಮ್ಮ ಚೀಟಿ ಬರೆದು, "ನಂಗೆ ಗೊತ್ತಿತ್ತು, ನಿಮಗೆ ಬರದೇ ಇರುತ್ತಾ" ಎಂದರು.

"ಬರ್ತಿರಲಿಲ್ಲ ಡಾಕ್ಟ್ರೇ. ಎಂಟನೇ ಮಂಚದವರು ಹೇಳಿಕೊಟ್ರು" ಎಂದಳು ಹಾಲಕ್ಕ, ವಾರ್ಡಿಗೆಲ್ಲ ಕೇಳುವ ಹಾಗೆ.

ಹನ್ನೊಂದಾಯಿತು. ಅಂದು ಪಾಠ ಹೇಳಲು ಯಾರೂ ಇರಲಿಲ್ಲ. ಹಾಲಕ್ಕ ಮಗುವನ್ನು ಅಮ್ಮನ ಕೈಗೆ ಕೊಟ್ಟು, ಆಯಾಳಿಂದ ಗೊಂಬೆ ತರಿಸಿ, ಮಂಚದ ಮೇಲೆಯೇ ಕೂತು ಶುರುಮಾಡಿದಳು. ಅವಳ ಕಥೆ ಅಷ್ಟರಲ್ಲಿ ಹದಿನಾಲ್ಕೂ ಮಂಚ ಸುತ್ತಿ ಬಂದಿತ್ತು.

"ನೋಡ್ರಮ್ಮಾ, ಮಗೂನ ಹೀಗೆ ತಿರುಗಿಸಿಕೊಳ್ಳಿ..." ಎನ್ನುತ್ತಾ ಗೊಂಬೆಯನ್ನು ಎದೆಗೆ ತಂದಳು. ಬಲಗೈ ತನ್ನ ಪಾಡಿಗೆ ತಾನು ಹೋಗಿ ಗೊಂಬೆಯ ತಲೆ ಹಿಡಿಯಿತು.

"ತಲೆ ಬಿಡಿ ಮೇಡಂ!" ಇಡೀ ವಾರ್ಡು ಒಂದೇ ಗಂಟಲಲ್ಲಿ ಕೂಗಿತು. ಮಲಗಿದ್ದ ಮಕ್ಕಳೆಲ್ಲ ಬೆಚ್ಚಿ ಅಳತೊಡಗಿದವು.

ಹಾಲಕ್ಕ ನಕ್ಕು ಕೈ ಬಿಟ್ಟಳು. ಗೊಂಬೆಯ ತಲೆ ಮಡಿಲಿಗೆ ವಾಲಿತು. ಅವಳು ಅದನ್ನು ಆಯಾಳ ಕೈಗಿತ್ತು, ಸೂಜಿ ದಾರ ತರಲು ಹೇಳಿ, ಅಳುತ್ತಿದ್ದ ಮಗಳನ್ನು ಅಮ್ಮನಿಂದ ಇಸಿದುಕೊಂಡು ಪಾಠ ಮುಂದುವರಿಸಿದಳು.