ಬೆಂದದ್ದು ಎಲ್ಲಿಗೆ?

ನಾರುತ್ತಿರುವುದು ಡ್ರಮ್ಮೋ, ಕೆಟ್ಟಿರುವುದು ತನ್ನ ಮೂಗೋ? ಬಾಲ್ಕನಿಯಲ್ಲಿ ಗೊಬ್ಬರದ ಡ್ರಮ್ಮಿನ ಮುಚ್ಚಳ ಹಿಡಿದು ನಿಂತವನಿಗೆ ಬಗೆಹರಿಯಲಿಲ್ಲ. ಬಗ್ಗಿ ಮೂಸಿದ. ನೆನೆದ ಮಣ್ಣಿನ ವಾಸನೆ, ಒಣಗಿದೆಲೆಯ ವಾಸನೆ, ಅಷ್ಟೇ. ಆದರೆ ದಿನಾ ಅದನ್ನೇ ಮೂಸುವ ಮೂಗನ್ನು ನಂಬುವುದು ಹೇಗೆ? ಅಚ್ಚುಕೂಟದಲ್ಲಿ ಕರಡು ತಿದ್ದುವಾಗಲೂ ಹೀಗೇ ಆಗುತ್ತಿತ್ತು. ಹತ್ತು ಸಲ ಓದಿದ ಪುಟದಲ್ಲೇ ತಪ್ಪು ಕಣ್ಣು ತಪ್ಪಿಸಿ ಕೂತಿರುತ್ತಿತ್ತು.

ಕೆಳಗಿನ ಅಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುವವರೇ ಈ ಮನೆಯ ಮಾಲೀಕರು. ನಿನ್ನೆ ಮೆಟ್ಟಿಲ ಬಳಿ ಅವನನ್ನು ಅಡ್ಡಗಟ್ಟಿದ್ದರು.

"ನೋಡಿ ಸ್ವಾಮಿ, ಗಿರಾಕಿಗಳು ಒಂದು ಕೈಲಿ ವಾಚು ಕೊಡ್ತಾರೆ, ಇನ್ನೊಂದು ಕೈಲಿ ಮೂಗು ಮುಚ್ಕೋತಾರೆ. ನಾಳೆ ನಾನೇ ಮೇಲೆ ಬರ್ತೀನಿ. ನಾರ್ತಾ ಇದ್ರೆ ಆ ಡ್ರಮ್ಮು ಈ ಮನೇಲಿ ಇರಕೂಡದು."

ಹೋದರೆ ಹೋಗಲಿ ಎಂದುಬಿಡಬಹುದಿತ್ತು. ಇಂಥವನ್ನು ಶುರು ಮಾಡುವುದರಲ್ಲಿ ಅವನದು ಎತ್ತಿದ ಕೈ. ಬಟ್ಟೆ ತೊಳೆದ ನೀರಲ್ಲಿ ನೆಲ ಒರೆಸುವುದು, ಹಳೆ ಲುಂಗಿಯಲ್ಲಿ ಸಂತೆಚೀಲ ಹೊಲಿಸುವುದು, ಯಾರೂ ಇಲ್ಲದ ಕೋಣೆಯ ದೀಪ ಆರಿಸುವುದು. ಯಾರೂ ಇಲ್ಲವೆಂದುಕೊಂಡು ಬಚ್ಚಲ ದೀಪವನ್ನೂ ಆರಿಸಿ, ಒಳಗಿದ್ದ ಹೆಂಡತಿಯಿಂದ ಚೆನ್ನಾಗಿ ಬೈಸಿಕೊಂಡಿದ್ದ. ಒಂದು ಹೋದರೆ ಇನ್ನೊಂದು ಹಿಡಿದುಕೊಳ್ಳುತ್ತಿದ್ದ. ಆದರೆ ಡ್ರಮ್ಮು ಈಗ ಅವನದಾಗಿ ಉಳಿದಿರಲಿಲ್ಲ. ಅದು ಅತ್ತೆಯದು.

ಅತ್ತೆ ಬದುಕಿನ ಬಹುಪಾಲು ಗಿರಣಿಯ ಕ್ಯಾಂಟೀನಿನಲ್ಲಿ ಅಡುಗೆ ಮಾಡಿದವರು. ಮಂಡಿಯ ಆಪರೇಷನ್ ಆದಮೇಲೆ ಮಗಳ ಮನೆಗೆ ಬಂದಿದ್ದರು. ಮಗಳು ಒಲೆಯ ಹತ್ತಿರ ಬಿಟ್ಟುಕೊಳ್ಳಲಿಲ್ಲ. "ಅಮ್ಮ, ಸುಮ್ನೆ ಕೂತ್ಕೋ" ಎನ್ನುವುದೇ ಅವಳ ಪ್ರೀತಿ. ಕೂರುವುದೊಂದು ಬಿಟ್ಟು ಮಿಕ್ಕೆಲ್ಲ ಬಲ್ಲ ಹೆಂಗಸು ಕಿಟಕಿಯ ಪಕ್ಕ ಕೂತರು. ಮಾತು ಕಡಿಮೆಯಾಯಿತು. ಮಾತಿಲ್ಲದಿರುವುದು ಅವನಿಗೆ ಹೊಸದಲ್ಲ, ಆದರೆ ಆ ಮೌನ ತನ್ನ ಮೌನದಂಥದ್ದಲ್ಲ ಎಂದು ಅವನಿಗೆ ಅನ್ನಿಸಿತು. ಒಂದು ಬೆಳಿಗ್ಗೆ ಡ್ರಮ್ಮು ತೋರಿಸಿ ಹೇಳಿದ: "ಅತ್ತೆ, ಹಸಿ ಕಸ ಡ್ರಮ್ಮಿಗೆ. ಉಳಿದದ್ದು ಚೀಲಕ್ಕೆ. ಇನ್ಮೇಲೆ ಇದು ನಿಮ್ಮ ಕೆಲಸ."

ಅಂದಿನಿಂದ ಅತ್ತೆಗೆ ಹರೆಯ ಬಂತು. ಸಿಪ್ಪೆಗಳನ್ನು ಸಣ್ಣಗೆ ಹೆಚ್ಚಿ ಹಾಕಿದರು. ಬೀದಿಯ ಮರದಡಿ ಬಿದ್ದ ಒಣ ಎಲೆಗಳನ್ನು ಅಳಿಯನಿಂದ ತರಿಸಿಕೊಂಡರು. ಚೀಲದ ಬಾಯನ್ನು ತಾವೇ ಬಿಗಿಯಾಗಿ ಕಟ್ಟಿ ಕೊಡುತ್ತಿದ್ದರು. ಅವನು ಕೆಲಸಕ್ಕೆ ಹೋಗುವಾಗ ಅದನ್ನು ಒಯ್ದು ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಇಡುತ್ತಿದ್ದ. ಒಣ ಕಸದ ಗಾಡಿ ವಾರಕ್ಕೊಮ್ಮೆ ಬರುತ್ತಿತ್ತು.

ಈ ಕೆಲಸವೂ ಹೋದರೆ ಅತ್ತೆ ಮತ್ತೆ ಕಿಟಕಿಯ ಪಕ್ಕಕ್ಕೆ ಹೋಗಿ ಕೂರುತ್ತಾರೆ. ಅವನ ತಲೆ ಕೆಟ್ಟದ್ದು ಅದಕ್ಕೆ.

ಗಡಿಯಾರದವರು ಬಂದರು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗಾಜು ಇನ್ನೂ ಹಣೆಯ ಮೇಲೇ ಇತ್ತು.

"ಅದ್ಯಾಕಣ್ಣ, ವಾಸನೇನೂ ಗಾಜಲ್ಲಿ ನೋಡ್ತೀರಾ?" ಅತ್ತೆ ಕೇಳಿದರು.

"ನಿಮ್ಮ ಡ್ರಮ್ಮಿಗೆ ಗಾಜು ಬೇಕಾಗಿಲ್ಲ ತಾಯಿ. ಕಣ್ಣು ಮುಚ್ಚಿದ್ರೂ ಗೊತ್ತಾಗುತ್ತೆ."

ಕಣ್ಣು ಮುಚ್ಚಿಯೇ ಬಗ್ಗಿದರು. ಒಮ್ಮೆ ಮೂಸಿದರು. ಎದ್ದರು. ಮತ್ತೆ ಬಗ್ಗಿ ಭುಜದವರೆಗೂ ಒಳಗೆ ಹೋದರು. ಹೊರಗೆ ಬಂದಾಗ ಮೂಗಿನ ತುದಿಯಲ್ಲಿ ಎಲೆಯ ಚೂರು ಅಂಟಿತ್ತು.

"ಏನೂ ಇಲ್ವಲ್ಲ!" ಎಂದರು, ಮೋಸ ಹೋದವರ ದನಿಯಲ್ಲಿ.

"ಹೇಗಿರುತ್ತೆ?" ಎಂದರು ಅತ್ತೆ. "ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡಿದ್ದೀನಿ."

"ಹಾಗಾದ್ರೆ ನನ್ನ ಅಂಗಡೀಲಿ ನಾರ್ತಿರೋದು ಯಾರು?"

"ಅದನ್ನ ನಾನು ಹೇಳಿದ್ರೆ ಚೆನ್ನಾಗಿರಲ್ಲಣ್ಣ."

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಗಡಿಯಾರದವರು ಕೆಳಗಿಳಿದರು, ಅವನೂ ಹಿಂದೆಯೇ ಇಳಿದ. ಅತ್ತೆ ಒಂದು ಕೈಯಲ್ಲಿ ಕಂಬಿ ಹಿಡಿದು ನಿಧಾನವಾಗಿ ಬಂದರು. ಮೆಟ್ಟಿಲ ಕೆಳಗೆ ಕಾಲಿಟ್ಟದ್ದೇ ಮೂವರಿಗೂ ಉತ್ತರ ಸಿಕ್ಕಿತು. ಗಡಿಯಾರದವರು ಒಂದು ಚೀಲದ ಗಂಟು ಬಿಚ್ಚಿದರು. ಹಳಸಿ ನೊರೆ ಬಂದ ಅನ್ನ, ಬೆಂದ ಕಾಳು, ನಿನ್ನೆಯ ಸಾರಿನ ತರಕಾರಿ.

"ಒಣ ಕಸದಲ್ಲಿ ಅನ್ನ ಹಾಕಿದ ಪುಣ್ಯಾತ್ಮ ಯಾರ್ರೀ?"

"ನಾನೇ," ಎಂದರು ಅತ್ತೆ, ತಲೆ ಎತ್ತಿಯೇ. "ಅದು ಬೆಂದದ್ದು. ಬೆಂದದ್ದು ಹಸಿ ಹೇಗಾಗುತ್ತೆ? ಹಸೀದೂ ಬೆಂದದ್ದೂ ಒಂದಕ್ಕೊಂದು ತಾಗಿದ್ರೆ ನಮ್ಮ ಕ್ಯಾಂಟೀನಲ್ಲಿ ಕೆಲಸದಿಂದಲೇ ತೆಗೀತಿದ್ರು. ಅಳಿಯಂದ್ರು ಬಾಯಿಬಿಟ್ಟು ಹೇಳಿದಾರೆ, ಹಸಿ ಕಸ ಡ್ರಮ್ಮಿಗೆ, ಉಳಿದದ್ದು ಚೀಲಕ್ಕೆ ಅಂತ. ಉಳಿದದ್ದನ್ನೇ ಹಾಕಿದ್ದೀನಿ. ಒಂದು ಅಗುಳೂ ಆಚೀಚೆ ಮಾಡಿಲ್ಲ."

ಗಡಿಯಾರದವರು ಮೊದಲು ಅತ್ತೆಯನ್ನು ನೋಡಿದರು, ಆಮೇಲೆ ಅಳಿಯನನ್ನು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತ ಮೆಟ್ಟಿಲ ಮೇಲೆ ಕೂತುಬಿಟ್ಟರು. ಭೂತಗಾಜು ಹಣೆಯಿಂದ ಜಾರಿ ಮೂಗಿಗೆ ಬಂತು.

"ಸ್ವಾಮಿ, ನೀವು ಊರವರ ತಪ್ಪೆಲ್ಲ ತಿದ್ದೋರು ಅಲ್ವಾ? ಡ್ರಮ್ಮು ಇರಲಿ ಬಿಡಿ. ಮಾತು ಸ್ವಲ್ಪ ರಿಪೇರಿಗೆ ಕೊಡಿ."

ಅವನೂ ನಕ್ಕ. ನಗದೆ ಉಳಿದವರು ಅತ್ತೆ ಒಬ್ಬರೇ. ಸಾಲಾಗಿ ಇಟ್ಟ ಚೀಲಗಳನ್ನು, ತಾವೇ ಹಾಕಿದ ಗಂಟುಗಳನ್ನು ನೋಡುತ್ತ ನಿಂತರು. ಅವರ ಮುಖ ಸಣ್ಣದಾಯಿತು.

ಮೇಲೆ ಬಂದು ಕಿಟಕಿಯ ಪಕ್ಕ ಕೂತರು. "ನನಗೆ ಬೇಡಪ್ಪ ನಿಮ್ಮ ಕೆಲಸ. ಕಸಾನೂ ನೆಟ್ಟಗೆ ಹಾಕೋಕೆ ಬರಲಿಲ್ಲ ಅಂದಮೇಲೆ."

"ಅಮ್ಮ, ತಪ್ಪು ಇವರದು," ಎಂದಳು ಮಗಳು. "ರೀ, ಹೇಳ್ರೀ."

ಅವನು ಬಾಯಿ ತೆರೆದ. ಬಂದ ಮಾತೆಲ್ಲ ಸಮಾಧಾನದ ಮಾತು, ಕೇಳಿದವರು ಇನ್ನೂ ಕುಗ್ಗುವಂಥದ್ದು. ಬಾಯಿ ಮುಚ್ಚಿದ. ಕೆಳಗೆ ಹೋಗಿ ಚೀಲಗಳನ್ನೆಲ್ಲ ಮೇಲೆ ತಂದು, ಡ್ರಮ್ಮಿಗೆ ಒಂದು ಪದರ ಅನ್ನ, ಒಂದು ಪದರ ಎಲೆ ಹಾಕಿ ಮುಚ್ಚಿದ. ಅತ್ತೆ ತಿರುಗಿ ನೋಡಲಿಲ್ಲ.

ಮಾರನೆಯ ದಿನ ಊಟವಾದಮೇಲೆ ತಟ್ಟೆಯಲ್ಲಿ ಬೇಕೆಂದೇ ನಾಲ್ಕು ಅಗುಳು ಬಿಟ್ಟ. ತಟ್ಟೆ ಹಿಡಿದು ಡ್ರಮ್ಮಿನ ಕಡೆ ಎರಡು ಹೆಜ್ಜೆ ಇಟ್ಟ, ಚೀಲದ ಕಡೆ ಎರಡು ಹೆಜ್ಜೆ ಇಟ್ಟ, ದಾರಿ ತಪ್ಪಿದವನಂತೆ ನಡುವೆ ನಿಂತ.

"ಅತ್ತೆ, ಇದು ಎಲ್ಲಿಗೆ?"

ಅವನ ಕೈ ನಿಧಾನವಾಗಿ ಚೀಲದ ಬಾಯಿಗೆ ಹೋಯಿತು.

"ಅಯ್ಯೋ, ಏನ್ ಮಾಡ್ತಿದ್ದೀರಿ!" ಅತ್ತೆ ಎದ್ದೇಬಿಟ್ಟರು. "ಅಷ್ಟೆಲ್ಲ ಆದ್ಮೇಲೂ ತಿಳೀಲಿಲ್ವಾ? ಕೊಳೆಯೋದೆಲ್ಲ ಡ್ರಮ್ಮಿಗೆ, ಬೆಂದಿರಲಿ ಬೇಯದೆ ಇರಲಿ. ಕೊಡಿ ಇಲ್ಲಿ. ಮೇಲೆ ಎಲೆ ಹಾಕ್ಬೇಕು, ಅದೂ ಗೊತ್ತಿಲ್ಲ ನಿಮಗೆ."

"ಮೊಟ್ಟೆ ಸಿಪ್ಪೆ?"

"ಡ್ರಮ್ಮಿಗೆ."

"ಹಾಲಿನ ಕವರು?"

"ತೊಳೆದು ಚೀಲಕ್ಕೆ! ದೇವರೇ, ಇಷ್ಟೊಂದು ಓದಿಸಿದಾರೆ ಇವರನ್ನ."

ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಡನ ಮುಖವನ್ನೇ ನೋಡಿದಳು. ಅವನು ಬಾಳೆಹಣ್ಣಿನ ಸಿಪ್ಪೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದ.

ಅಂದಿನಿಂದ ದಿನವೂ ಊಟದ ನಂತರ ಒಂದು ಪ್ರಶ್ನೆ, ಒಂದು ಬೈಗುಳ. ಅಳಿಯಂದ್ರಿಗೆ ಎಷ್ಟು ಹೇಳಿದರೂ ತಲೆಗೆ ಹತ್ತುವುದಿಲ್ಲವೆಂದು ಅತ್ತೆ ಗಡಿಯಾರದವರ ಅಂಗಡಿಯಲ್ಲಿ ಕೂತು ನಗುನಗುತ್ತ ದೂರು ಹೇಳಿ ಬರುವಂತಾದರು. ತನಗೆ ಗೊತ್ತಿದೆ ಎಂದು ಅವನು ಒಮ್ಮೆಯೂ ಹೇಳಲಿಲ್ಲ.